ಕೆಗ್ ತಂದರೆ ಅಪರಾಧ, ಬಾಟಲಿ ತಂದರೆ ಸಂಸಾರಸ್ಥ!

ಕುಮಟಾದಲ್ಲಿ ಗೆಳೆಯನ ಮದುವೆ ಪಾರ್ಟಿಯ ತಯಾರಿ. "ಬಾಟಲಿ ರಗಳೆ ಎಂತಕ್ಕೆ ಮಾರಾಯ, ಒಂದು ಕೆಗ್ ತರುವ" ಅಂದ ಬೆಂಗಳೂರಿನಿಂದ ಬಂದವನೊಬ್ಬ. ನಮಗೂ ಹೌದೆನ್ನಿಸಿತು. 30 ಲೀಟರಿನ ಸ್ಟೀಲ್ ಪೀಪಾಯಿ, ಅಂದರೆ 650 ಎಂ.ಎಲ್.ನ 46 ಬಾಟಲಿ. ಗಾಜು ಕಡಲ ದಂಡೆಗೆ ಬೀಳೋದೂ ತಪ್ತದೆ.

ಲೆಕ್ಕ ಹಾಕಿದಾಗ ಗೊತ್ತಾಯ್ತು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದ ಬಿಯರ್ 18.2 ಲೀಟರ್, ಸರಿಯಾಗಿ 28 ಬಾಟಲಿ. ಲಾಕ್‌ಡೌನ್ ಸಡಿಲವಾದ 2020ರ ಮೇನಲ್ಲಿ ಬೆಂಗಳೂರಿನ 52,841 ರೂಪಾಯಿ ಬಿಲ್ ವೈರಲ್ ಆಗಿ ಅಂಗಡಿಯ ಮೇಲೆ ಕೇಸು ಬಿದ್ದದ್ದು ಇಂಥದೇ ಮಿತಿಯ ಸಲುವಾಗಿ. ಇಪ್ಪತ್ತು ಜನ ತಲಾ ಎರಡೆರಡು ಬಾಟಲಿ ತಂದರೆ ಯಾರೂ ಕೇಳೋದಿಲ್ಲ. ಅಷ್ಟೇ ಜನರಿಗಾಗಿ ಒಬ್ಬ ಕೆಗ್ ತಂದರೆ ಆತ ಆರೋಪಿ! ಕಾನೂನಿನ ಕಣ್ಣಿಗೆ ಕೆಗ್ ಅಂದ್ರೆ ಹೋಟೆಲಿನ ವಸ್ತು.

ದಾರಿಯೊಂದಿದೆ: ಅಬಕಾರಿ ಇಲಾಖೆಯ ಸಿಎಲ್-5, ಒಂದು ಸಮಾರಂಭಕ್ಕಷ್ಟೇ ಸಿಗುವ ಪರವಾನಗಿ. ಮುರುಡೇಶ್ವರದ ರೆಸಾರ್ಟಿಗೆ, ಗೋಕರ್ಣದ ದೊಡ್ಡ ಹೋಂಸ್ಟೇಗೆ ಅದು ಮಾಮೂಲು ಕಾಗದ. ಹೊನ್ನಾವರದಲ್ಲಿ ಮನೆಯ ತಾರಸಿ ಮೇಲೆ ಊಟ ಹಾಕುವವನಿಗೆ ಅಂಥದೊಂದಿದೆ ಅಂತಲೇ ಗೊತ್ತಿಲ್ಲ. ಆತನಿಗೆ ಗೊತ್ತಿರೋದು ಗೋವಾ. 2023ರ ಜುಲೈ ಬಜೆಟ್ಟಿನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 175ರಿಂದ 185ಕ್ಕೇರಿತು; ಕಾರವಾರ ದಾಟಿ ಮಾಜಾಳಿ ಗಡಿಯಾಚೆ ರೇಟೇ ಬೇರೆ. ಚೆಕ್‌ಪೋಸ್ಟಲ್ಲಿ ಸಿಕ್ಕಿಬಿದ್ದರೆ ಕೇಸಿನ ಜೊತೆ ಗಾಡಿಯೂ ಹೋಗಬಹುದು. ಬಾಡಿಗೆಗೆ ಬಂದ ಡ್ರೈವರ್ ಹುಡುಗನಿಗೆ ಆ ಗಾಡಿಯೇ ಬದುಕು.

ಹಾಗಂತ ಮಿತಿಯನ್ನೇ ಕಿತ್ತುಹಾಕಿ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಪಕ್ಕದ ಅಂಕೋಲಾದ ಬಡಗೇರಿಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು ಸುಕ್ರಿ ಬೊಮ್ಮಗೌಡ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಬಾಟಲಿಯ ಆದಾಯ ನಿಲ್ಲಲಿಲ್ಲ. ಕೆಗ್ಗಿಗೆ ಒಂದು ದಿನದ, ಕಡಿಮೆ ಶುಲ್ಕದ, ಆನ್‌ಲೈನ್ ಪರವಾನಗಿ ಕೊಡಿ. ಕರೆದವನ ಹೆಸರು ಅದರ ಮೇಲಿರಲಿ, ಹೊಣೆ ಡ್ರೈವರಿನದ್ದಲ್ಲ, ಅವನದೇ ಆಗಲಿ. ದಂಡೆಯ ಮೇಲಿನ ಪಾರ್ಟಿಯಾದರೆ ಗ್ರಾಮ ಪಂಚಾಯಿತಿಯನ್ನೂ ಕೇಳಲಿ. ಅಲ್ಲಿ ಹೆಂಗಸರು ಬೇಡ ಅಂದ್ರೆ ಬೇಡ.

ನಾವು ಕೆಗ್ ಬಿಟ್ಟೆವು. ಇಬ್ಬರು ಬೇರೆ ಬೇರೆ ಬಿಲ್ ಮಾಡಿಸಿ ಬಾಟಲಿ ತಂದರು, ಪೂರಾ ಕಾನೂನುಬದ್ಧ. ಮರುದಿನ ಬೆಳಿಗ್ಗೆ ಖಾಲಿ ಬಾಟಲಿ ಹೆಕ್ಕಿದ್ದು ನಾನು. 41 ಸಿಕ್ಕವು, ಎರಡು ಒಡೆದಿದ್ದವು.