ರೈಲು ಆಮೇಲೆ, ಮೊದಲು ಬಸ್ಸಿನ ಲೆಕ್ಕ ಕೊಡಿ

1/5
"ರಾಜ್ಯದಲ್ಲಿ ರೈಲಿಲ್ಲದ ಜಿಲ್ಲೆ ನಮ್ದು, ನಾಚಿಕೆ ಆಗ್ಬೇಕು!" ಈ ಸ್ಟೇಟಸ್ ಹಾಕಿದವರು ನಮ್ಮ ಕ್ಲಾಸಲ್ಲೇ ಹತ್ತು ಜನ ಇದ್ದಾರೆ. ನಂಗೆ ನಾಚಿಕೆ ಆಗಲ್ಲ. ರೈಲು ಅನ್ನೋದು ಮದುವೆ ಮನೆಯ ಮರ್ಯಾದೆ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆ. ಬಿಕಾಂ ಓದ್ತಿದ್ದೀವಿ ತಾನೆ, ಲೆಕ್ಕ ಹಾಕೋಣ ಬನ್ನಿ.

2/5
ಮೈಸೂರು–ಕುಶಾಲನಗರ ಮಾರ್ಗ 87 ಕಿ.ಮೀ. 2019ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು ವೆಚ್ಚ 1,854 ಕೋಟಿ. ಕಿಲೋಮೀಟರಿಗೆ ಸುಮಾರು 21 ಕೋಟಿ, ಅದೂ ಆಗಿನ ಬೆಲೆಯಲ್ಲಿ. ಇನ್ನೊಂದು ಕಡೆ, ಇದೇ ದಿಕ್ಕಿಗೆ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚಲ್ಲಿ ಶಂಕುಸ್ಥಾಪನೆ ಆಗಿದೆ: 92 ಕಿ.ಮೀ., 4 ಸಾವಿರ ಕೋಟಿಗೂ ಮೇಲೆ. ಪಿರಿಯಾಪಟ್ಟಣದಿಂದ ಮೈಸೂರಿಗೆ ಹೊರಟ ಒಬ್ಬ ಮನುಷ್ಯ ಒಂದೇ ದಿನ ರೈಲಲ್ಲೂ ಹೋಗಿ, ಹೆದ್ದಾರೀಲೂ ಹೋಗೋಕಾಗುತ್ತಾ? ಒಬ್ಬನೇ ಗಿರಾಕಿಯನ್ನ ನಂಬಿ ಎರಡು ಅಂಗಡಿ ತೆರೆದಂಗಾಯ್ತು.

3/5
ಇನ್ನು ನಮಗೇನು ಸಿಗುತ್ತೆ? ರೈಲು ನಿಲ್ಲೋದು ಕುಶಾಲನಗರದಲ್ಲಿ. ವಿರಾಜಪೇಟೆ, ಗೋಣಿಕೊಪ್ಪದವರು ಮೈಸೂರಿಗೆ ಹೋಗೋದು ತಿತಿಮತಿ, ಹುಣಸೂರು ದಾರಿಯಲ್ಲಿ. ಅವರು ರೈಲು ಹತ್ತೋಕೆ ಅಂತ ಕುಶಾಲನಗರಕ್ಕೆ ಸುತ್ತಿ ಬರ್ತಾರಾ? ಸಿದ್ದಾಪುರದ ನಾವು ಸ್ಟೇಷನ್ ಮುಟ್ಟೋಕೂ ಬಸ್ಸೇ ಕಾಯ್ಬೇಕು. ಸಂಜೆ ಕ್ಲಾಸ್ ತಡವಾದ್ರೆ ಮನೆಗೆ ಹೋಗೋದು ಹೇಗೆ, ತೋಟದ ದಾರೀಲಿ ಆನೆ ನಿಂತಿದ್ಯಾ ಅನ್ನೋದು ನಮ್ಮ ದಿನದ ಚಿಂತೆ. 2023ರ ಜೂನಿಂದ ಹೆಣ್ಮಕ್ಕಳಿಗೆ ಶಕ್ತಿ ಯೋಜನೆ ಇದೆ, ನಿಜ. ಆದ್ರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿರೋ ಊರಲ್ಲಿ ಹುಡುಗೀರು ಇವತ್ತಿಗೂ ಟಿಕೆಟ್ ಕೊಟ್ಟೇ ಕಾಲೇಜಿಗೆ ಬರ್ತಾರೆ. ಇದು ಯಾರ ಸ್ಟೇಟಸ್ಸಲ್ಲೂ ಕಾಣಲ್ಲ.

4/5
"ಹಾಗಾದ್ರೆ ರೈಲೇ ಬೇಡ್ವಾ?" ಹುಣಸೂರು, ಪಿರಿಯಾಪಟ್ಟಣದವರಿಗೆ ಉಪಯೋಗ ಇದೆ. ಮೈಸೂರಿನ ಆಸ್ಪತ್ರೆಗೆ ಓಡಾಡೋರಿಗೆ ಟಿಕೆಟ್ ಅಗ್ಗ ಆಗುತ್ತೆ. ಒಪ್ಪಿದೆ. ಆದ್ರೆ ಕುಶಾಲನಗರ ಮುಟ್ಟಿದ ಮೇಲೆ ಮಡಿಕೇರಿಗೆ ಯಾಕಿಲ್ಲ, ತಲಶ್ಶೇರಿಗೆ ಯಾಕಿಲ್ಲ ಅನ್ನೋ ಕೂಗು ಏಳುತ್ತೆ. ಭಯ ಇರೋದು ಅಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು 57 ಸುರಂಗ ದಾಟುತ್ತೆ. 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಅಲ್ಲಿ ರೈಲು ನಿಂತಿತ್ತು. ಅದೇ 2018ರಲ್ಲಿ ನಮ್ಮ ಜಿಲ್ಲೆಯ ಬೆಟ್ಟಗಳೂ ಜಾರಿದ್ವು. ಮರುವರ್ಷ ಕಾವೇರಿ ಕರಡಿಗೋಡು, ನೆಲ್ಲಿಹುದಿಕೇರಿಯ ಮನೆಗಳನ್ನೇ ತಗೊಂಡು ಹೋಯ್ತು. ಇಂಥ ಮಣ್ಣಲ್ಲಿ ಸುರಂಗ ಕೊರೀರಿ ಅನ್ನೋರು ಒಂದ್ಸಲ ಹೊಳೆದಂಡೆಗೆ ಬಂದು ನೋಡ್ಲಿ.

5/5
ಒಂದು ಬಸ್ಸಿಗೆ ಅರ್ಧ ಕೋಟಿ ಅಂತ ಹಿಡಿಯೋಣ. ಒಂದೇ ಒಂದು ಕಿಲೋಮೀಟರ್ ಹಳಿಯ ದುಡ್ಡಲ್ಲಿ ನಲವತ್ತು ಬಸ್ ಬರುತ್ತೆ. ಡ್ರೈವರ್ ಸಂಬಳ, ಡೀಸೆಲ್ ಬೇರೆ, ಗೊತ್ತು. ಆ ರೈಲು ದುಡ್ಡು ನೇರವಾಗಿ ಬಸ್ಸಿಗೆ ಬರಲ್ಲ, ಕೇಂದ್ರ ಬೇರೆ ರಾಜ್ಯ ಬೇರೆ, ಅದೂ ಗೊತ್ತು. ಆದ್ರೆ ವೋಟು ಕೇಳೋಕೆ ಬರೋರು ಎರಡೂ ಕಡೆಯವರೇ. ಮುಂದಿನ ಸಲ ಬಂದಾಗ "ರೈಲು ಯಾವಾಗ?" ಅಂತ ಕೇಳ್ಬೇಡಿ. "ಸಿದ್ದಾಪುರಕ್ಕೆ ಕೊನೇ ಸರ್ಕಾರಿ ಬಸ್ ಎಷ್ಟು ಗಂಟೆಗೆ?" ಅಂತ ಕೇಳಿ. ತಕ್ಷಣ ಉತ್ತರ ಕೊಟ್ರೆ ಅವರ ರೈಲಿನ ಭಾಷಣಾನೂ ಕೂತು ಕೇಳೋಣ.

ಒಪ್ಪದವರು ಕಾಮೆಂಟಲ್ಲಿ ಬನ್ನಿ. ಬೈಗುಳ ಬೇಡ, ಲೆಕ್ಕ ತನ್ನಿ.

#ಸಿದ್ದಾಪುರ #ಕೊಡಗು #ಮೊದಲುಬಸ್ಸು