ಒಟ್ಟು ಕೊಲೆಸ್ಟ್ರಾಲ್ ನಾರ್ಮಲ್, ಹೃದಯ ಸುರಕ್ಷಿತವೇ?

ಕಾಸರಗೋಡು: ಲ್ಯಾಬ್ ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 200ಕ್ಕಿಂತ ಕೆಳಗಿದ್ದರೆ ಹೆಚ್ಚಿನವರು ಅದನ್ನು ಮಡಚಿಟ್ಟು ನಿಶ್ಚಿಂತರಾಗುತ್ತಾರೆ. ಈ ಒಂದೇ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ ಎಂಬುದು ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈಯಲ್ಲಿ ಪ್ರಕಟಿಸಿದ ಮಾರ್ಗಸೂಚಿಯಿಂದ ಸ್ಪಷ್ಟ.

ಒಬ್ಬರ ಒಟ್ಟು ಕೊಲೆಸ್ಟ್ರಾಲ್ 190, ಒಳ್ಳೆಯದೆನ್ನುವ ಎಚ್‌ಡಿಎಲ್ 35 ಎಂದಿಟ್ಟುಕೊಳ್ಳಿ. ಕಳೆದರೆ ಉಳಿಯುವುದು 155. ರಕ್ತನಾಳದಲ್ಲಿ ಕೊಬ್ಬು ಕಟ್ಟಿಸುವ ಕಣಗಳೆಲ್ಲ ಸೇರಿದ ಲೆಕ್ಕ ಇದು, ಹೆಸರು ನಾನ್-ಎಚ್‌ಡಿಎಲ್. ಅಪಾಯ ಕಡಿಮೆಯಿರುವವರಿಗೂ ಇದು 130ರೊಳಗೆ, ಎಲ್‌ಡಿಎಲ್ 100ರೊಳಗೆ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹೆಚ್ಚಿನ ಅಪಾಯವಿದ್ದರೆ ಎಲ್‌ಡಿಎಲ್ ಗುರಿ 70ರ ಕೆಳಗೆ. ಈಗಾಗಲೇ ಹೃದಯಾಘಾತವಾದವರಿಗೆ 55ರ ಕೆಳಗೆ.

ವಂಶಪಾರಂಪರ್ಯವಾಗಿ ಬರುವ ಲೈಪೊಪ್ರೋಟೀನ್-ಎ ಮಾಮೂಲಿ ರಿಪೋರ್ಟಿನಲ್ಲಿ ಇರುವುದಿಲ್ಲ. ಪಥ್ಯದಿಂದ ಅದು ಇಳಿಯುವುದೂ ಇಲ್ಲ. ಜೀವನದಲ್ಲಿ ಒಮ್ಮೆಯಾದರೂ ಅದನ್ನು ನೋಡಿಸಬೇಕು, ಮೊದಲ ಲಿಪಿಡ್ ಪರೀಕ್ಷೆ 18ರ ಹರೆಯದಲ್ಲೇ ಆಗಬೇಕು ಎನ್ನುತ್ತದೆ ಮಾರ್ಗಸೂಚಿ. ಈ ಅವಸರಕ್ಕೆ ಕಾರಣವಿದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರಲ್ಲಿ, ಉಳಿದವರಿಗೆ 59ರ ಸುಮಾರಿಗೆ ಕಂಡುಬಂದಿತ್ತು.

ಗಡಿನಾಡಿಗೆ ಇದು ಬರಿಯ ಅಂಕೆಸಂಖ್ಯೆಯಲ್ಲ. ಹೃದ್ರೋಗ ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡವರು ಇಲ್ಲಿ ಬಹಳ. 2020ರ ಲಾಕ್‌ಡೌನ್ ವೇಳೆ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೇ ತಡೆದು ನಿಂತದ್ದನ್ನು ಯಾರೂ ಮರೆತಿಲ್ಲ. ಎದೆನೋವು ಬಂದ ಮೇಲೆ ಗಡಿ ದಾಟುವುದಕ್ಕಿಂತ, ಮೊದಲೇ ರಿಪೋರ್ಟಿನ ಎಲ್ಲ ಸಾಲುಗಳನ್ನೂ ವೈದ್ಯರಿಗೆ ತೋರಿಸಿ ಕೇಳುವುದು ಸುಲಭ. ಮಾತ್ರೆ ಬರೆದುಕೊಟ್ಟಿದ್ದರೆ, ಅಂಕಿ ಇಳಿಯಿತೆಂದು ತಾವಾಗಿಯೇ ನಿಲ್ಲಿಸುವುದು ಬೇಡ.