ಗೆಲ್ಲಬೇಕಾದದ್ದು ಮಗು

ಜನವರಿಯಿಂದ ಜೂನ್‌ವರೆಗೆ ಅಪ್ಪನ ಮನೆ, ಜುಲೈಯಿಂದ ಡಿಸೆಂಬರ್‌ವರೆಗೆ ಅಮ್ಮನ ಮನೆ. ಅಪ್ಪ ಅಮ್ಮ ಬೇರೆಯಾಗಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನ ವಿಷಯದಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೊಟ್ಟ ಆದೇಶವಿದು. ಅವನ ಓದಿನ ಖರ್ಚೂ ಇಬ್ಬರದು.

ಮಗು ಯಾರ ಸೊತ್ತೂ ಅಲ್ಲ. ಪಾಲಕರಾಗಬಯಸುವವರ ನಡತೆ, ಯೋಗ್ಯತೆ ನೋಡಬೇಕೆಂದು 1890ರ ಪಾಲಕರ ಕಾಯ್ದೆಯೇ ಹೇಳುತ್ತದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೋರ್ಟು ಕೇಳಬಹುದು. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎಂದದ್ದು 1956ರ ಹಿಂದೂ ಪಾಲಕತ್ವ ಕಾಯ್ದೆ. ಹಾಗಾಗಿ ಕುಡಿದು ಬಂದು ಹೊಡೆಯುವುದು, ಭೇಟಿಯ ದಿನ ಬಾಗಿಲು ಹಾಕಿಕೊಳ್ಳುವುದು, ‘ನಿನ್ನಪ್ಪ ಕೆಟ್ಟವನು’ ಎಂದು ದಿನವೂ ಕಿವಿ ಊದುವುದು ಕೇಸಿಗೂ ಪೆಟ್ಟು, ಕೂಸಿಗೂ ಪೆಟ್ಟು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಗಂಡ ಹೆಂಡಿರ ರಾಜಿಗೆ ಕೂರುವ ಹಿರಿಯರೇ, ಒಡವೆಯ ಲೆಕ್ಕ ಆಮೇಲಿರಲಿ. ಮಗು ಯಾವ ಶಾಲೆಗೆ ಹೋಗುತ್ತದೆ, ರಾತ್ರಿ ಯಾರ ಪಕ್ಕ ಮಲಗುತ್ತದೆ ಎಂದು ಮೊದಲು ಕೇಳಿ.